ಅಪ್ಪನ ಡೆನ್ಮಾರ್ಕ್ ರಜೆಗಳು

ಆ ಕಾಲದಲ್ಲಿ ಮಸ್ಕತ್‌ನಲ್ಲಿ ಬೆಳೆದವರಿಗೆ ರಜೆಯ ವಿಷಯ ಹೆಚ್ಚು ವಿವರಿಸಬೇಕಾಗಿಲ್ಲ. ಈದ್ ರಜೆ ಎಂದಿನಿಂದ ಎನ್ನುವುದು ಚಂದ್ರ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಅಲ್ಲಿಯವರೆಗೆ ಹೋಮ್‌ವರ್ಕ್ ಮಾಡಬೇಕೋ ಬಿಡಬೇಕೋ ಎಂಬ ಗೊಂದಲ. ದೀಪಾವಳಿಗೆ ನಮ್ಮ ಇಂಡಿಯನ್ ಸ್ಕೂಲಿಗೆ ರಜೆ ಇದ್ದರೂ ಅಪ್ಪಂದಿರು ಎಣ್ಣೆಸ್ನಾನ ಮುಗಿಸಿ, ಟೈ ಕಟ್ಟಿಕೊಂಡು ಆಫೀಸಿಗೆ ಹೊರಡುತ್ತಿದ್ದರು. ಇಂಥ ಊರಿನಲ್ಲಿ, ಅಲ್ ಹೈಲ್‌ನ ನಮ್ಮ ಎರಡನೇ ಮಹಡಿಯ ಮನೆಗೆ ಮಾತ್ರ ಅಕ್ಕಪಕ್ಕದ ಯಾರಿಗೂ ಇಲ್ಲದ ಇನ್ನೊಂದು ಬಗೆಯ ರಜೆ ಬರುತ್ತಿತ್ತು. ಅದು ಡೆನ್ಮಾರ್ಕಿನ ರಜೆ.

ಅಪ್ಪ ಖುರುಮ್ ಬಡಾವಣೆಯಲ್ಲಿ ಹಡಗಿನ ಪಂಪುಗಳನ್ನು ಮಾರುವ ಒಂದು ಪುಟ್ಟ ಡೆನ್ಮಾರ್ಕ್ ಕಂಪೆನಿಯಲ್ಲಿದ್ದರು. ಬಂದರಿನಿಂದ ಸಾಮಾನು ಬಿಡಿಸುವ ಕಾಗದಪತ್ರವೆಲ್ಲ ಅವರ ಕೆಲಸ. ಅಲ್ಲಿನ ಸಾಹೇಬರದ್ದು ಒಂದು ಪದ್ಧತಿಯಿತ್ತು. ಡೆನ್ಮಾರ್ಕಿನಲ್ಲಿ ರಜೆಯಿದ್ದರೆ ಹೆಡ್ ಆಫೀಸಿನಲ್ಲಿ ಫೋನ್ ಎತ್ತುವವರಿಲ್ಲ, ಮತ್ತೆ ನಾವು ಇಲ್ಲಿ ಕೂತು ಮಾಡುವುದೇನು ಎಂದು ಖುರುಮ್ ಆಫೀಸಿಗೂ ಬೀಗ ಹಾಕಿಸುತ್ತಿದ್ದರು. ಆ ದೇಶದಲ್ಲಿ ಕ್ರಿಸ್‌ಮಸ್ ಬಿಟ್ಟರೆ ವರ್ಷದ ರಜೆಗಳೆಲ್ಲ ಈಸ್ಟರ್ ಸುತ್ತಮುತ್ತಲೇ ಗೊಂಚಲು ಗೊಂಚಲಾಗಿ ಬರುತ್ತವೆ. ಈಸ್ಟರಿಗೆ ಮೊದಲಿನ ಗುರುವಾರ, ಶುಕ್ರವಾರ, ಈಸ್ಟರ್ ಭಾನುವಾರ, ಸೋಮವಾರ. ಆಮೇಲೆ ಮಹಾ ಪ್ರಾರ್ಥನಾ ದಿನ ಎಂದೊಂದು ಶುಕ್ರವಾರ. ಅದಾದ ಮೇಲೆ ಏಸು ಸ್ವರ್ಗಕ್ಕೆ ಏರಿದ ಗುರುವಾರ. ಕೊನೆಗೆ ಪೆಂಟೆಕೋಸ್ಟಿನ ಸೋಮವಾರ. ಒಮಾನಿನಲ್ಲಿ ಶುಕ್ರವಾರ ಹೇಗೂ ವಾರದ ರಜೆಯಲ್ಲವೇ, ನಮಗೆ ನಷ್ಟವಾಗುತ್ತದೆ ಎಂದು ಅಪ್ಪ ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ, ಸಾಹೇಬರು ಅದರ ಬದಲು ಶನಿವಾರ ಕೊಡತೊಡಗಿದರಂತೆ. ಈ ಕತೆಯನ್ನು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಮಟ್ಟಿಗೆ ಅದೊಂದು ದಿಗ್ವಿಜಯ.

ಅಮ್ಮ ಮಾತ್ರ ಮೊದಲ ವರ್ಷ ಇದ್ಯಾವುದನ್ನೂ ನಂಬಿರಲಿಲ್ಲ. ನಂಬುವುದು ಅವಳ ಜಾಯಮಾನವೇ ಅಲ್ಲ. ಮೊಟ್ಟೆಯನ್ನು ಮೊದಲು ಬೇರೆ ಬಟ್ಟಲಿಗೆ ಒಡೆದು ನೋಡಿಯೇ ಬಾಣಲೆಗೆ ಹಾಕುವವಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸದೆ ಕೊಂಡವಳಲ್ಲ. ಡಾಕ್ಟರು ಕೊಟ್ಟ ಔಷಧಿಯನ್ನೂ ಮೂಸುತ್ತಿದ್ದಳು. ಒಂದು ದೇಶದವರು ಇಷ್ಟೊಂದು ರಜೆ ಮಾಡಿದರೆ ಹಡಗು ಕಟ್ಟುವುದು ಯಾವಾಗ ಎಂಬುದು ಅವಳ ಪ್ರಶ್ನೆ. ಎರಡು ಮೂರು ವರ್ಷ ಗಮನವಿಟ್ಟು ನೋಡಿದ ಮೇಲೆ ಅವಳಿಗೊಂದು ಸಂಗತಿ ಹೊಳೆಯಿತು. ಈಸ್ಟರ್ ಯಾವಾಗಲೂ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಬರುತ್ತದೆ. ಅಲ್ಲಿಂದ ಎರಡನೇ ಅಮಾವಾಸ್ಯೆಯ ಆಸುಪಾಸಿನ ಗುರುವಾರ ಏಸು ಮೇಲಕ್ಕೆ ಹೋಗುತ್ತಾನೆ. ಅವರದ್ದೂ ನಮ್ಮ ಹಾಗೆಯೇ ಚಂದ್ರನ ಲೆಕ್ಕ ಎಂದು ತಿಳಿದದ್ದೇ ತಡ, ಡೆನ್ಮಾರ್ಕಿನ ಮೇಲೆ ಅವಳಿಗೆ ಸ್ವಲ್ಪ ವಿಶ್ವಾಸ ಹುಟ್ಟಿತು. ಸಂಕಷ್ಟಿ ಯಾವತ್ತು ಎಂದು ಹೇಳುವಷ್ಟೇ ಸಲೀಸಾಗಿ, ಅಪ್ಪನಿಗಿಂತ ಮೊದಲೇ, ಅಪ್ಪನ ರಜೆ ಯಾವತ್ತು ಎಂದು ಹೇಳುತ್ತಿದ್ದಳು. ಅಪ್ಪ ಆಫೀಸಿನಲ್ಲಿ ಕೇಳಿಕೊಂಡು ಬಂದು, ಸರಿ ಉಂಟು ಮಾರಾಯ್ತಿ ಎಂದು ತಲೆದೂಗುತ್ತಿದ್ದರು.

ನನಗೆ ಆ ರಜೆಗಳೆಂದರೆ ಕೇರಮ್ ಬೋರ್ಡು. ಮಧ್ಯಾಹ್ನ ನಾನು ಸ್ಕೂಲ್ ಬಸ್ಸಿನಿಂದ ಇಳಿದು ಮೇಲೆ ಬರುವಷ್ಟರಲ್ಲಿ ಅಪ್ಪ ಪಂಚೆ ಉಟ್ಟು, ಬೋರ್ಡು ಹಾಸಿ, ಬೋರಿಕ್ ಪುಡಿ ಉದುರಿಸಿ ಕಾಯುತ್ತಿದ್ದರು. ಎ.ಸಿ.ಯ ತಣ್ಣನೆಯ ಗಾಳಿ, ಅಡುಗೆಮನೆಯಿಂದ ಬಂಗುಡೆ ಪುಳಿಮುಂಚಿಯ ವಾಸನೆ, ಬೆರಳಿಗೆಲ್ಲ ಬಿಳಿ ಪುಡಿ. ಕೆಂಪು ಕಾಯಿ ನನಗೇ ಬೀಳುವ ಹಾಗೆ ಅವರು ಸ್ಟ್ರೈಕರ್ ತಪ್ಪಿಸುತ್ತಿದ್ದರು. ತಪ್ಪಿಸುತ್ತಿದ್ದಾರೆ ಎಂಬ ಅನುಮಾನ ನನಗೆ ಇದ್ದೇ ಇತ್ತು. ಅಮ್ಮನ ಮಗಳಲ್ಲವೇ.

ಇನ್ನೊಂದು ಸುಖ, ಮಹಾ ಪ್ರಾರ್ಥನಾ ದಿನದ ಮುಂಚಿನ ಸಂಜೆ ಬರುತ್ತಿದ್ದ ಬನ್ನು. ಹಿಂದೆ ಆ ದೇಶದಲ್ಲಿ ಆ ದಿನ ಬೇಕರಿಯವರೂ ಒಲೆ ಹಚ್ಚಬಾರದೆಂದು ಕಟ್ಟುನಿಟ್ಟು ಇತ್ತಂತೆ. ಹಾಗಾಗಿ ಮುಂಚಿನ ದಿನವೇ ಗೋಧಿ ಬನ್ನು ಮಾಡಿಡುವುದು, ಜನ ಮರುದಿನದವರೆಗೆ ಕಾಯಲಾರದೆ ಅಂದೇ ಬಿಸಿಬಿಸಿ ತಿನ್ನುವುದು. ಸಾಹೇಬರ ಹೆಂಡತಿ ಇಲ್ಲಿಯೂ ಅದನ್ನು ತಪ್ಪಿಸುತ್ತಿರಲಿಲ್ಲ. ಬೆಳ್ಳಿ ಹಾಳೆಯಲ್ಲಿ ಸುತ್ತಿ ಕೊಟ್ಟದ್ದನ್ನು ಅಪ್ಪ ಟ್ಯಾಕ್ಸಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತರುತ್ತಿದ್ದರು. ಬಿಚ್ಚಿದರೆ ಏಲಕ್ಕಿಯ ಘಮ ಇಡೀ ಮನೆಗೆ. ನಮ್ಮ ಪಾಯಸದ ಏಲಕ್ಕಿ ಆ ಬಿಳಿಯರ ಬನ್ನಿಗೆ ಹೇಗೆ ಹೋಯಿತೋ. ಎರಡು ಹೋಳು ಮಾಡಿ, ಕಾವಲಿಯ ಮೇಲೆ ಕಂದು ಬಣ್ಣ ಬರುವಷ್ಟು ಕಾಯಿಸಿ, ಬೆಣ್ಣೆ ಸವರಿ ತಿನ್ನುತ್ತಿದ್ದೆವು. ಆ ದಿನವನ್ನು ಈಗ ಡೆನ್ಮಾರ್ಕಿನವರೇ ರಜೆಯ ಪಟ್ಟಿಯಿಂದ ತೆಗೆದುಹಾಕಿದ್ದಾರೆ. ದೇಶದ ರಕ್ಷಣೆಗೆ ದುಡ್ಡು ಬೇಕು, ಜನ ಒಂದು ದಿನ ಹೆಚ್ಚು ದುಡಿಯಲಿ ಎಂದು ಸರಕಾರ ಹೇಳಿತಂತೆ. ಓದಿದಾಗ ನನಗಂತೂ ಆ ಕಾರಣದ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ.

ನಾನು ಹೇಳಹೊರಟದ್ದು ಐದನೇ ಕ್ಲಾಸಿನ ವರ್ಷದ ಬೇಸಿಗೆ. ಆ ವರ್ಷ ಈಸ್ಟರಿಗೆ ಅಪ್ಪ ಎಂದಿನಂತೆ ಐದು ದಿನ ಮನೆಯಲ್ಲಿದ್ದರು. ಆದರೆ ಬೋರ್ಡು ಹಾಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಏನೆಂದು ಕೇಳಿದರೆ ಸೊಂಟ ಹಿಡಿದಿದೆ ಎಂದರು. ಅಮ್ಮ ಬಿಸಿನೀರಿನ ಚೀಲ ಕೊಟ್ಟಳು, ಅದು ಬೆನ್ನ ಹಿಂದೆಯೇ ತಣ್ಣಗಾಯಿತು. ಅದನ್ನು ಎತ್ತಿಕೊಂಡು ಹೋಗುವಾಗ ಅಮ್ಮ ಒಮ್ಮೆ ತಿರುಗಿ ನೋಡಿದ್ದು ನನಗೆ ನೆನಪಿದೆ.

ಪ್ರಾರ್ಥನಾ ದಿನದ ಮುಂಚಿನ ಸಂಜೆ ಬನ್ನೂ ಬಂತು. ಬೆಳ್ಳಿ ಹಾಳೆ ಇರಲಿಲ್ಲ, ಪ್ಲಾಸ್ಟಿಕ್ ಚೀಲ ಇತ್ತು. ನಾನು ಕಚ್ಚಿದೆ. ಏಲಕ್ಕಿಯಿಲ್ಲ, ನಡುವೆ ಕೆಂಪು ಚೆರ್ರಿಯ ಚೂರು. ಇದು ನಮ್ಮ ಬನ್ನಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಸಾಹೇಬರ ಹೆಂಡತಿ ಊರಿಗೆ ಹೋಗಿದ್ದಾರೆ, ಈ ಸಲ ಹೊರಗಿನಿಂದ ತರಿಸಿದ್ದು ಎಂದರು ಅಪ್ಪ. ಅಮ್ಮ ಬನ್ನನ್ನು ಮೂಸಿದಳು, ಬೆರಳಿನಿಂದ ಒತ್ತಿ ನೋಡಿದಳು. ಮೂಲೆಯ ಮಲಯಾಳಿ ಬೇಕರಿಯ ಬನ್ನು ಅವಳಿಗೆ ಗೊತ್ತಿಲ್ಲದ್ದೇ? ಆದರೂ ಕಾವಲಿಯ ಮೇಲಿಟ್ಟು ಬೆಣ್ಣೆ ಸವರಿದಳು.

ಆಮೇಲೆ ಬಂತು ಆ ಗುರುವಾರ. ನನಗೆ ಜ್ವರವೆಂದು ಸ್ಕೂಲಿಗೆ ಹೋಗಿರಲಿಲ್ಲ. ಅಮ್ಮ ಬೆಳಿಗ್ಗೆಯಿಂದ ನಿಧಾನವಾಗಿ ಓಡಾಡುತ್ತಿದ್ದಳು, ರಜೆಯ ದಿನದ ಹಾಗೆ. ನೀರುದೋಸೆಗೆ ಅಕ್ಕಿ ನೆನೆಸಿದ್ದಳು. ಹೊರಗೆ ಶೂಗಳ ಸದ್ದಾಯಿತು. ನೋಡಿದರೆ ಅಪ್ಪ. ಇಸ್ತ್ರಿಯ ಅಂಗಿ, ಟೈ, ಕೈಯಲ್ಲಿ ಬ್ಯಾಗು.

ಲೇಟಾಯ್ತು, ಬರ್ತೇನೆ ಎಂದು ಅವಸರದಲ್ಲಿ ಮೆಟ್ಟಿಲಿಳಿದು ಹೋದರು. ಅಮ್ಮ ಕಿಟಕಿಯ ಪರದೆ ಸರಿಸಿದಳು. ಅವರು ಬಿಸಿಲಿನಲ್ಲಿ ಹೈವೇಯ ಕಡೆಗೆ ನಡೆದು ಶೇರ್ ಟ್ಯಾಕ್ಸಿ ಹತ್ತುವವರೆಗೆ ನೋಡುತ್ತಲೇ ಇದ್ದಳು.

"ಅಪ್ಪ ಎಲ್ಲಿಗೆ ಹೋದದ್ದು?" ಎಂದೆ.

"ಆಫೀಸಿಗಂತೆ," ಎಂದಳು ಅಮ್ಮ. "ಇವತ್ತು ಏಸು ಮೇಲೆ ಹೋದ ಗುರುವಾರ. ಆಫೀಸಿಗೆ ಬೀಗ. ನಿನ್ನ ಅಪ್ಪನಿಗೆ ಅದು ನೆನಪಿಲ್ಲ."

ರಜೆ ತೆಗೆದುಕೊಂಡರೆ ಅನುಮಾನ ಪಡುವವರಿದ್ದಾರೆ. ನಮ್ಮ ಮನೆಯಲ್ಲಿ ಅನುಮಾನ ಗಟ್ಟಿಯಾದದ್ದು ಅಪ್ಪ ರಜೆ ತೆಗೆದುಕೊಳ್ಳದೆ ಹೋದ ದಿನ. ಆಫೀಸಿನಲ್ಲಿ ಕೂತವನಿಗೆ ನಾಳೆ ರಜೆಯೆಂದು ಯಾರಾದರೂ ನೆನಪಿಸಿಯೇ ನೆನಪಿಸುತ್ತಾರೆ. ಇವರಿಗೆ ನೆನಪಿಸುವವರು ಯಾರೂ ಇಲ್ಲವೆಂದರೆ ಇವರು ಕೂತಿರುವುದು ಎಲ್ಲಿ? ಅಮ್ಮ ಆಫೀಸಿನ ನಂಬರಿಗೆ ಫೋನ್ ಮಾಡಿದಳು. ಗಂಟೆ ಹೊಡೆದು ಹೊಡೆದು ಕಡಿದುಹೋಯಿತು. ರಜೆಯಾದರೂ ಎತ್ತುವವರಿಲ್ಲ, ಆಫೀಸೇ ಮುಚ್ಚಿದ್ದರೂ ಎತ್ತುವವರಿಲ್ಲ. ಫೋನಿನಿಂದ ಏನೂ ತಿಳಿಯುವ ಹಾಗಿರಲಿಲ್ಲ.

ಸಂಜೆ ಅಪ್ಪ ಬಂದರು. ಇವತ್ತು ತುಂಬಾ ಕೆಲಸ ಇತ್ತಾ ಎಂದು ಅಮ್ಮ ಚಹಾ ಕೊಡುತ್ತಾ ಕೇಳಿದಳು. ಇತ್ತು, ಸಾಹೇಬರು ತಲೆ ಎತ್ತಲಿಕ್ಕೆ ಬಿಡಲಿಲ್ಲ ಎಂದರು ಅಪ್ಪ. ನಾನು ಬಾಯಿ ತೆರೆದೆ. ಅಮ್ಮ ನನ್ನನ್ನು ಒಂದು ನೋಟ ನೋಡಿದಳು, ಮುಚ್ಚಿಕೊಂಡೆ. ಅಪ್ಪ ಸುಳ್ಳು ಹೇಳುತ್ತಾರೆ ಎಂದು ತಿಳಿದ ಆ ಸಂಜೆ ನನಗೆ ಚಹಾದೊಳಗೆ ಅದ್ದಿದ ಬಿಸ್ಕತ್ತೂ ರುಚಿಸಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಅದೂ ಅಳು ಬರುವಂಥ ಸಿಟ್ಟು.

ಅಪ್ಪ ಸ್ನಾನಕ್ಕೆ ಹೋದಾಗ ಅಮ್ಮ ಅವರ ಅಂಗಿಯನ್ನು ಎತ್ತಿಕೊಂಡು ಕಾಲರ್ ಮೂಸಿದಳು. ಬೆವರಿನ ವಾಸನೆ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಹುಡುಕುತ್ತಿದ್ದ ವಾಸನೆ ಯಾವುದೆಂದು ದೊಡ್ಡವಳಾದ ಮೇಲೆ ಅರ್ಥವಾಯಿತು. ಅವಳಿಗೆ ಸಿಕ್ಕಿದ್ದು ಬೇರೆಯೇ. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮೂಸಿ, ನನ್ನ ಮೂಗಿಗೂ ಹಿಡಿದಳು. ಒಣಮೀನು. ಸಂಶಯವೇ ಇಲ್ಲ, ಒಣಗಿದ ಬಂಗುಡೆ ಮತ್ತು ಸಿಗಡಿಯ ವಾಸನೆ. ಖುರುಮ್‌ನ ಎ.ಸಿ. ಆಫೀಸಿನಲ್ಲಿ ಒಣಮೀನು ಎಲ್ಲಿಂದ ಬರಬೇಕು?

ಮಸ್ಕತ್‌ನಲ್ಲಿ ನಮ್ಮ ಪೈಕಿಯವರಿಗೆ ಒಣಮೀನು ಎಂದರೆ ರೂವಿಯ ಹಸನಾಕನ ಅಂಗಡಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಕುಚ್ಚಲಕ್ಕಿ, ಪುನರ್ಪುಳಿ, ಊರಿನ ಬೆಲ್ಲ, ಎಲ್ಲ ಅಲ್ಲಿಯೇ. ಹಸನಾಕ ಮಂಗಳೂರು ಕಡೆಯ ಬ್ಯಾರಿ, ಬಿಳಿ ಗಡ್ಡದ ಮನುಷ್ಯ. ಅಮ್ಮನೊಂದಿಗೆ ತುಳುವಿನಲ್ಲಿಯೇ ಮಾತಾಡುತ್ತಿದ್ದರು. ಶನಿವಾರ ಅಪ್ಪ ತಲೆನೋವೆಂದು ಮಲಗಿದ್ದಾಗ, ಅಕ್ಕಿ ಮುಗಿದಿದೆ ಎಂದು ಹೇಳಿ ಅಮ್ಮ ನನ್ನನ್ನು ಕರೆದುಕೊಂಡು ರೂವಿಗೆ ಹೊರಟಳು. ಡಬ್ಬಿಯಲ್ಲಿ ಅಕ್ಕಿ ಅರ್ಧಕ್ಕಿಂತ ಮೇಲಿತ್ತು. ನಾನೇ ನೋಡಿದ್ದೆ.

ಅಂಗಡಿಯಲ್ಲಿ ಅಮ್ಮ ನೇರ ಪ್ರಶ್ನೆ ಕೇಳಲಿಲ್ಲ. ತೆಂಗಿನಕಾಯಿ ಅಲುಗಿಸುತ್ತಾ, ಇವರು ಮೊನ್ನೆ ಗುರುವಾರ ಇಲ್ಲಿ ಚೀಲ ಬಿಟ್ಟು ಬಂದಿದ್ದಾರಾ ಎಂದು ಗಾಳಿಯಲ್ಲಿ ಗುಂಡು ಹಾರಿಸಿದಳು. ಚೀಲ ಯಾವುದೂ ಇರಲಿಲ್ಲ.

"ಗುರುವಾರದ್ದು ನನಗೆ ಗೊತ್ತಿಲ್ಲ ಅಕ್ಕ," ಎಂದರು ಹಸನಾಕ. "ಅಣ್ಣ ದಿನಾ ಬರ್ತಾರಲ್ವಾ. ಬೆಳಿಗ್ಗೆ ನಾಲ್ಕು ಆಫೀಸು ಸುತ್ತುದು, ಬಿಸಿಲು ಏರಿದ ಮೇಲೆ ಇಲ್ಲಿ ಹಿಂದೆ ಗೋದಾಮಿನಲ್ಲಿ ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಳುದು. ನಾನೂ ಒಬ್ಬಿಬ್ಬರ ಹತ್ರ ಹೇಳಿಟ್ಟಿದ್ದೇನೆ. ಎಂತಾದ್ರೂ ಆಗ್ತದೆ, ನೀವು ಬೇಜಾರು ಮಾಡ್ಬೇಡಿ."

ಆಮೇಲೆ ಅಮ್ಮನ ಮುಖ ನೋಡಿ ಅವರ ಕೈ ತಕ್ಕಡಿಯ ಮೇಲೆಯೇ ನಿಂತಿತು. ನಿಮಗೆ ಗೊತ್ತುಂಟು ಅಂತ ಅಂದುಕೊಂಡೆನಲ್ಲ ಅಕ್ಕ, ಎಂದರು ತಗ್ಗಿದ ದನಿಯಲ್ಲಿ. ಉಳಿದದ್ದನ್ನು ಅಮ್ಮನೇ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಡೆನ್ಮಾರ್ಕಿನವರು ಮಸ್ಕತ್ ಆಫೀಸು ಮುಚ್ಚಿದ್ದು ಈಸ್ಟರಿಗೆ ಮೊದಲೇ. ಸಾಹೇಬರು ಹೆಂಡತಿಯೊಂದಿಗೆ ದೇಶಕ್ಕೆ ಹೊರಟುಹೋಗಿದ್ದಾರೆ. ನಮ್ಮ ವೀಸಾಕ್ಕೆ ಹೊಣೆಯಾಗಿದ್ದ ಕಫೀಲ್ ಒಳ್ಳೆಯವನು, ಜೂನ್ ಮುಗಿಯುವವರೆಗೆ ಸಮಯ ಕೊಟ್ಟಿದ್ದಾನೆ. ಅಷ್ಟರೊಳಗೆ ಬೇರೆ ಕೆಲಸ, ಬೇರೆ ಕಫೀಲ್ ಸಿಗದಿದ್ದರೆ ಖಲಾಸ್. ಮೂವರ ವೀಸಾವೂ ಕ್ಯಾನ್ಸಲ್, ನನ್ನ ಸ್ಕೂಲು, ಮನೆ, ಎಲ್ಲ ಬಿಟ್ಟು ವಿಮಾನ ಹತ್ತಬೇಕು.

ತಾನು ಹೇಳಿದ್ದೆಂದು ಅಣ್ಣನಿಗೆ ತಿಳಿಯಬಾರದು ಎಂದರು ಹಸನಾಕ. ಅಮ್ಮ ತಲೆಯಾಡಿಸಿ, ಬೇಡದ ಅಕ್ಕಿಯನ್ನೂ ತೂಗಿಸಿಕೊಂಡು ಹೊರಗೆ ಬಂದಳು. ಟ್ಯಾಕ್ಸಿಯಲ್ಲಿ ಅಲ್ ಹೈಲ್ ಬರುವವರೆಗೂ ಅಕ್ಕಿಯ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಇನ್ನೊಂದು ಹೆಂಗಸಿಲ್ಲ ಎಂಬ ಸಮಾಧಾನವೋ, ಕೆಲಸವಿಲ್ಲ ಎಂಬ ದಿಗಿಲೋ, ಎರಡೂ ಒಟ್ಟಿಗೆ ಬಂದಿರಬೇಕು. ಈಸ್ಟರಿನ ಆ ಐದು ದಿನ ಅಪ್ಪ ಯಾವ ಕೆಲಸಕ್ಕೆ ರಜೆ ಹಾಕಿ ಮಲಗಿದ್ದರು ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಈಗ ನನಗೆ ಅನಿಸುವುದು ಬೇರೆ. ಇಲ್ಲದ ಆಫೀಸಿಗೆ ದಿನವೂ ಟೈ ಕಟ್ಟಿಕೊಂಡು ಹೋಗುವುದು ಇರುವ ಆಫೀಸಿಗೆ ಹೋಗುವುದಕ್ಕಿಂತ ದಣಿವಿನ ಕೆಲಸ. ಮೇ ತಿಂಗಳ ರೂವಿಯ ಬಿಸಿಲಿನಲ್ಲಿ ಬಾಗಿಲು ಬಾಗಿಲು ತಟ್ಟಿ, ಮನೆಗೆ ಬಂದು ಸಾಹೇಬರು ಹೀಗೆಂದರು ಹಾಗೆಂದರು ಎಂದು ಕಟ್ಟಿ ಹೇಳಬೇಕು. ಡೆನ್ಮಾರ್ಕಿನ ಆ ರಜೆಗಳು ಅವರಿಗೆ ಈ ನಾಟಕಕ್ಕೇ ಸಿಕ್ಕಿದ ರಜೆಗಳು. ಹಾಸಿಗೆಯಲ್ಲಿ ಹಗಲೆಲ್ಲ ಬಿದ್ದಿದ್ದರೂ ಯಾರೂ ಕೇಳದ ದಿನಗಳು ಅವು ಮಾತ್ರ. ಅವುಗಳಲ್ಲಿ ಒಂದನ್ನು ಅವರು ಮರೆತುಬಿಟ್ಟರೆಂದರೆ ಎಷ್ಟು ಸೋತಿದ್ದರೋ.

ಅಮ್ಮ ಮರೆತಿರಲಿಲ್ಲ. ರೂವಿಗೆ ಹೋಗಿ ಬಂದ ಮರು ವಾರದ ಭಾನುವಾರ ಸಂಜೆ ಅಪ್ಪ ಅಂಗಿಗೆ ಇಸ್ತ್ರಿ ಹಾಕಲು ಹೊರಟಾಗ, ನಾಳೆ ಅವರ ಪೆಂಟೆಕೋಸ್ಟಿನ ಹಬ್ಬ ಅಲ್ವಾ, ನಿಮಗೆ ರಜೆ ಅಲ್ವಾ ಎಂದಳು. ಅಪ್ಪ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದರು. ಹೌದಲ್ಲ, ಮರೆತೇ ಹೋಗಿತ್ತು ಎಂದರು. ಸೋಮವಾರ ಅಮ್ಮ ಊರಿನ ಹಬ್ಬಕ್ಕೆ ಮಾಡುವ ಹಾಗೆ ಅಡುಗೆ ಮಾಡಿದಳು. ಕೋರಿ ಗಸಿ, ನೀರುದೋಸೆ, ಗೋಧಿ ಪಾಯಸ. ಅಪ್ಪ ಹೊಟ್ಟೆ ತುಂಬ ಉಂಡು ಸಂಜೆಯವರೆಗೂ ಮಲಗಿದರು. ಅವರ ಗೊರಕೆಯನ್ನು ಎಷ್ಟೋ ವಾರಗಳ ಮೇಲೆ ಕೇಳಿದೆ.

ಮಂಗಳವಾರ ಬೆಳಿಗ್ಗೆ ಅವರು ಟೈ ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ನಾನು ಸ್ಕೂಲ್ ಬಸ್ಸಿಗೆ ಶೂ ಕಟ್ಟುತ್ತಿದ್ದೆ. ಅಮ್ಮ ಒಳಗಿನಿಂದ ಬಂದು ಅವರ ಕೈಯಿಂದ ಟೈ ತೆಗೆದುಕೊಂಡಳು.

"ಇವತ್ತೂ ರಜೆ," ಎಂದಳು.

"ಇವತ್ತು ಎಂತ ರಜೆ ಮಾರಾಯ್ತಿ? ಹಬ್ಬ ನಿನ್ನೆಗೆ ಮುಗೀತಲ್ಲ."

"ಡೆನ್ಮಾರ್ಕಿನದ್ದು ಮುಗೀತು. ನಮ್ಮನ್ನು ನಂಬಿಸ್ಲಿಕ್ಕೆ ಅಂತ ನೀವಿನ್ನು ಬಿಸಿಲಿಗೆ ಹೋಗುದು ಬೇಡ. ಕೆಲಸ ಹುಡುಕ್ಲಿಕ್ಕೆ ಹೋಗುದಾದ್ರೆ ತಿಂಡಿ ತಿಂದು, ಹೇಳಿ ಹೋಗಿ."

ಅಪ್ಪ ಮಂಚದ ಅಂಚಿಗೆ ಕುಳಿತರು. ಯಾವಾಗ ಗೊತ್ತಾಯ್ತು ಎಂದರು.

"ಏಸು ಮೇಲೆ ಹೋದ ಗುರುವಾರ ನೀವು ಆಫೀಸಿಗೆ ಹೋದ್ರಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗತೊಡಗಿದರು. ಭುಜ ಅಲುಗುವಷ್ಟು ನಕ್ಕರು. ಅಲ್ಲಿ ಕೂತಿದ್ದಷ್ಟು ವರ್ಷ ಆ ಒಂದು ರಜೆ ನಾನು ಮರೆತದ್ದಿಲ್ಲ ಶೋಭಾ ಎಂದರು, ಆಮೇಲೆ ಅಳತೊಡಗಿದರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗೆ ಬಸ್ಸು ಹಾರ್ನ್ ಹಾಕಿತು, ನಾನು ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ.

ಜೂನ್ ಮುಗಿಯುವ ಮೊದಲು ಹಸನಾಕನ ಪರಿಚಯದವರ ಕಟ್ಟಡ ಸಾಮಗ್ರಿಯ ಅಂಗಡಿಯಲ್ಲಿ ಅಪ್ಪನಿಗೆ ಕೆಲಸವಾಯಿತು, ಹೊಸ ಕಫೀಲ್ ಸಿಕ್ಕಿದ. ನಾವು ಮಸ್ಕತ್‌ನಲ್ಲಿಯೇ ಉಳಿದೆವು. ಅಲ್ ಹೈಲ್‌ನ ಮನೆ ಬಿಟ್ಟು ರೂವಿಯಲ್ಲಿ ಇನ್ನೊಂದು ಕುಟುಂಬದೊಂದಿಗೆ ಫ್ಲ್ಯಾಟ್ ಹಂಚಿಕೊಂಡೆವು. ಅಲ್ಲಿ ಜಾಗವಿಲ್ಲವೆಂದು ಕೇರಮ್ ಬೋರ್ಡನ್ನು ಯಾರಿಗೋ ಕೊಟ್ಟೆವು. ಹೊಸ ಅಂಗಡಿಗೆ ಶುಕ್ರವಾರ ಬಿಟ್ಟರೆ ರಜೆಯಿಲ್ಲ, ಈದ್ ದಿನವೂ ಸಂಜೆ ಷಟರ್ ಎತ್ತುತ್ತಿದ್ದರು.

ಅಲ್ಲಿಗೆ ಅಮ್ಮನ ಅನುಮಾನ ಕಡಿಮೆಯಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆಗಲಿಲ್ಲ. ತನ್ನ ಅನುಮಾನವೇ ನಿಜವಾದ ಮೇಲೆ ಯಾರು ತಾನೇ ಬಿಡುತ್ತಾರೆ? ಅಪ್ಪ ಸ್ವಲ್ಪ ಬೇಗ ಬಂದರೂ ಏನಾಯಿತು ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. ನನಗೂ ಅದೇ ರೋಗ. ಈಗ ನಾನು ಖುರುಮ್‌ನ ಒಂದು ಆಫೀಸಿಗೆ ಹೋಗುತ್ತೇನೆ. ರಜೆ ಘೋಷಣೆಯಾದಾಗ ಜೊತೆಯವರು ದುಬೈಗೋ ಸಲಾಲಾಕ್ಕೋ ಹೊರಡುವ ಮಾತಾಡುತ್ತಾರೆ. ನಾನು ಮ್ಯಾನೇಜರ್ ಮುಖ ನೋಡುತ್ತೇನೆ, ಮತ್ತೆ ಬಾಗಿಲು ತೆರೆಯುತ್ತಾರೆ ತಾನೇ ಎಂದು. ರಜೆ ಎಂದ ಕೂಡಲೇ ಏನೂ ಕೇಳದೆ ಖುಷಿಪಡುವ ಬುದ್ಧಿ ಆ ಬೇಸಿಗೆಯಲ್ಲಿ ಹೋದದ್ದು ಮತ್ತೆ ಬರಲಿಲ್ಲ.

ಮೊನ್ನೆ ಸಂಜೆ ಮನೆಗೆ ಬಂದು, ನಾಳೆ ನನಗೆ ರಜೆ ಎಂದೆ. ಅಪ್ಪ ಟಿ.ವಿ.ಯ ಸದ್ದು ಕಡಿಮೆ ಮಾಡಿದರು.

"ಹೌದಾ ಮಗಾ, ನಿಜವಾಗಿ ರಜೆಯಾ?"

ನಾನು ಆಫೀಸಿನಿಂದ ಬಂದ ಮೆಸೇಜ್ ತೆರೆದು ಫೋನ್ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ಕೆಳಗೆ ಕಳಿಸಿದವರ ಹೆಸರನ್ನೂ ನೋಡಿದರು, ಫೋನನ್ನು ಅಮ್ಮನ ಕೈಗೆ ದಾಟಿಸಿದರು. ಅಮ್ಮನೂ ಓದಿದಳು. ನಮ್ಮ ಮನೆಯಲ್ಲಿ ರಜೆ ಶುರುವಾಗುವುದು ಈಗ ಇಷ್ಟೆಲ್ಲ ಆದ ಮೇಲೆ.